ಕೆನೆತ್ ಆಂಡರ್ಸನ್: ಒಂದು ಕೋವಿ, ಎಣಿಕೆಯ ತೋಟಾ, ಕಾಡಿನ ಬದುಕು

ಚಿಕ್ಕೋಡಿ: ಕೆನೆತ್ ಆಂಡರ್ಸನ್ ಎಂಬ ಹೆಸರನ್ನು ಕೇಳದ ಕನ್ನಡ ಓದುಗರು ಅಪರೂಪ. ಬೆಂಗಳೂರಿನ ಈ ಬೇಟೆಗಾರ ಇಂಗ್ಲಿಷಿನಲ್ಲಿ ಬರೆದ ಕಾಡಿನ ಅನುಭವಗಳನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರು 'ಕಾಡಿನ ಕಥೆಗಳು' ಮಾಲೆಯ ಮೂಲಕ ಕನ್ನಡದ ಮನೆಮನೆಗೆ ತಲುಪಿಸಿದರು. ದಟ್ಟ ಕಾಡನ್ನೇ ಕಾಣದ ಅಥಣಿ, ರಾಯಬಾಗ, ಕಾಗವಾಡದ ಬಯಲು ಸೀಮೆಯ ಹುಡುಗರು ಕೂಡ ನರಭಕ್ಷಕನ ಹೆಜ್ಜೆಗುರುತು, ಮಚಾನು, ಸಾಂಬಾರದ ಎಚ್ಚರಿಕೆಯ ಕೂಗು ಇವುಗಳನ್ನೆಲ್ಲ ಪರಿಚಯ ಮಾಡಿಕೊಂಡದ್ದು ಆ ಪುಟಗಳಿಂದಲೇ. ಆದರೆ ಆ ಸಾಹಸಗಳ ಹಿಂದಿದ್ದ ಕೋವಿ ಯಾವುದು, ಅದಕ್ಕೆ ತೋಟಾ ಎಲ್ಲಿಂದ ಬರುತ್ತಿತ್ತು, ಅದು ಹೆಗಲಿಗೆ ಕೊಡುತ್ತಿದ್ದ ಒದೆತ ಎಷ್ಟು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ. ಆಂಡರ್ಸನ್ ಅವರ ಜೀವನವನ್ನು ಈ ಮೂರು ಪ್ರಶ್ನೆಗಳ ಮೂಲಕ ನೋಡಿದರೆ ದಂತಕಥೆಯಾಚೆಗಿನ ಮನುಷ್ಯ ಹೆಚ್ಚು ಸ್ಪಷ್ಟವಾಗಿ ಕಾಣುತ್ತಾನೆ.

ಅರಮನೆಯ ಬೇಟೆ, ಸಂಬಳದ ಬೇಟೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಟೆ ಎಂದರೆ ಬಹುಮಟ್ಟಿಗೆ ಅರಸರ ಮತ್ತು ಅಧಿಕಾರಿಗಳ ವಿನೋದವಾಗಿತ್ತು. ನಮ್ಮ ಗಡಿಭಾಗಕ್ಕೇ ಇದರ ಉತ್ತಮ ಉದಾಹರಣೆಯಿದೆ. ಚಿಕ್ಕೋಡಿ ಮತ್ತು ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದರೆ, ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನವನ್ನು ಆಳಿದ ಛತ್ರಪತಿ ಶಾಹೂ ಮಹಾರಾಜರು (1874-1922) ಸಾಮಾಜಿಕ ನ್ಯಾಯಕ್ಕಾಗಿ ಹೇಗೋ ಹಾಗೆಯೇ ಬೇಟೆಗಾಗಿಯೂ ಹೆಸರಾಗಿದ್ದವರು. ಧಾರವಾಡದಲ್ಲಿ ಶಿಕ್ಷಣ ಪಡೆದ ಅವರು ಪಳಗಿಸಿದ ಚೀತಾಗಳನ್ನು ಬಿಟ್ಟು ಕೃಷ್ಣಮೃಗಗಳನ್ನು ಹಿಡಿಸುತ್ತಿದ್ದರು. ರಾಧಾನಗರಿ ಬಳಿಯ ದಾಜಿಪುರದ ಅರಣ್ಯ ಅರಮನೆಯ ಬೇಟೆಕಾಡಾಗಿತ್ತು. ಆ ಬೇಟೆಗೆ ಬೆಲೆ ತೆರಬೇಕಾಗಿ ಬಂದದ್ದೂ ಉಂಟು. 1918ರಲ್ಲಿ ಹಂದಿ ಬೇಟೆಯ ವೇಳೆ ನಡೆದ ಅವಘಡದಲ್ಲಿ ಮಹಾರಾಜರ ಕಿರಿಯ ಪುತ್ರ ಶಿವಾಜಿ ಅಸುನೀಗಿದರು.

ಅರಮನೆಯ ಬೇಟೆಯಲ್ಲಿ ತೋಟಾದ ಬೆಲೆ ಯಾರ ಚಿಂತೆಯೂ ಆಗಿರಲಿಲ್ಲ. ಕೋವಿ ಹೊರಲು ಒಬ್ಬ, ತೋಟಾ ತುಂಬಲು ಒಬ್ಬ, ಸೋಹು ಹಾಕಲು ನೂರಾರು ಮಂದಿ. ಆಂಡರ್ಸನ್ ಅವರದು ಇದಕ್ಕೆ ತದ್ವಿರುದ್ಧವಾದ ಬದುಕು. ಅವರು ಅರಸರಲ್ಲ, ಜಮೀನ್ದಾರರೂ ಅಲ್ಲ. ತಿಂಗಳ ಸಂಬಳಕ್ಕೆ ದುಡಿದು, ರಜೆ ಸಿಕ್ಕಾಗ ಕಾಡಿಗೆ ಹೋಗುತ್ತಿದ್ದ ನೌಕರರು.

ಬೊಲಾರಂನಿಂದ ಬೆಂಗಳೂರಿಗೆ

ಕೆನೆತ್ ಡಗ್ಲಸ್ ಸ್ಟೀವರ್ಟ್ ಆಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಸಮೀಪದ ಬೊಲಾರಂನಲ್ಲಿ. ಹಲವು ತಲೆಮಾರುಗಳಿಂದ ಭಾರತದಲ್ಲಿಯೇ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ. ತಂದೆ ಸೇನಾ ಲೆಕ್ಕಪತ್ರ ವಿಭಾಗದ ಅಧಿಕಾರಿ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ ವಿದ್ಯಾಭ್ಯಾಸ. ಅನಂತರ ಸುಮಾರು ಹದಿನೈದು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ಬಳಿಕ ಬೆಂಗಳೂರಿನ ವಿಮಾನ ಕಾರ್ಖಾನೆ ಸೇರಿದರು. ಕನ್ನಡ ಮತ್ತು ತಮಿಳು ಎರಡನ್ನೂ ಮಾತನಾಡಬಲ್ಲವರಾಗಿದ್ದರು. ಹಳ್ಳಿಗರೊಂದಿಗೆ ಅವರ ಭಾಷೆಯಲ್ಲಿಯೇ ಮಾತನಾಡಬಲ್ಲ ಶಕ್ತಿ ಕೋವಿಗಿಂತ ಹೆಚ್ಚಿನ ಉಪಯೋಗಕ್ಕೆ ಬಂದಿತೆಂಬುದು ಅವರ ಪುಸ್ತಕಗಳನ್ನು ಓದಿದ ಯಾರಿಗೂ ತಿಳಿಯುತ್ತದೆ. ಯಾವ ದಾರಿಯಲ್ಲಿ ಹುಲಿ ಓಡಾಡುತ್ತದೆ, ಯಾವ ಹಸು ಎಲ್ಲಿ ಸತ್ತಿದೆ, ಯಾರ ಮಾತು ಬರೀ ಗಾಳಿಸುದ್ದಿ ಎಂಬುದನ್ನು ತಿಳಿಸುತ್ತಿದ್ದವರು ಹಳ್ಳಿಗರೇ.

ಅವರ ಕಾಡಿನ ಗುರುಗಳಲ್ಲಿ ಮುಖ್ಯನಾದವನು ಬೈರ. ಆಗಿನ ಸೇಲಂ ಜಿಲ್ಲೆಯ ಕಾಡುಗಳಲ್ಲಿದ್ದ ಪೂಜಾರಿ ಬುಡಕಟ್ಟಿನವನು. ನಾಡಬಂದೂಕು ಹಿಡಿದು ಕಳ್ಳಬೇಟೆಯಾಡುತ್ತಿದ್ದ ಈತನನ್ನು ಆಂಡರ್ಸನ್ ಪೊಲೀಸರಿಗೆ ಒಪ್ಪಿಸುವ ಬದಲು ಗೆಳೆಯನನ್ನಾಗಿ ಮಾಡಿಕೊಂಡರು. ಹೆಜ್ಜೆ ಓದುವುದನ್ನೂ, ಗಾಳಿಯ ದಿಕ್ಕು ನೋಡಿ ಕೂರುವುದನ್ನೂ, ಗಂಟೆಗಟ್ಟಲೆ ಅಲುಗಾಡದೆ ಕಾಯುವುದನ್ನೂ ಕಲಿತದ್ದು ಇಂಥವರಿಂದ. ಈ ಋಣವನ್ನು ಅವರು ತಮ್ಮ ಬರಹಗಳಲ್ಲಿ ಮುಚ್ಚಿಡಲಿಲ್ಲ.

ನಾಲ್ಕುನೂರ ಐದರ ಕೋವಿ

ಆಂಡರ್ಸನ್ ಅವರ ಹೆಸರಿನೊಂದಿಗೆ ಬಿಡಿಸಲಾಗದಂತೆ ಬೆಸೆದುಕೊಂಡ ಕೋವಿ ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿ. ಖ್ಯಾತ ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ್ದು. ಬಿಲ್ಲಿನ ಕೆಳಗಿನ ಸನ್ನೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ, ಹೊಸ ತೋಟಾ ಒಳಗೆ. ಗುರಿಯಿಂದ ಕಣ್ಣು ಹೆಚ್ಚು ಕದಲಿಸದೆ ಎರಡನೆಯ ಗುಂಡು ಹಾರಿಸಬಹುದು. ಮೈಮೇಲೆ ಎರಗುವ ಚಿರತೆಯ ಮುಂದೆ ಈ ಒಂದು ಕ್ಷಣದ ಉಳಿತಾಯ ಸಣ್ಣದಲ್ಲ.

ಈ ಕೋವಿಗಾಗಿಯೇ 1904ರಲ್ಲಿ ವಿಂಚೆಸ್ಟರ್ ಕಂಪನಿ .405 ಎಂಬ ತೋಟಾವನ್ನು ಹೊರತಂದಿತು. 300 ಗ್ರೇನ್, ಅಂದರೆ ಸುಮಾರು 19 ಗ್ರಾಂ ತೂಕದ ಗುಂಡು. ನಳಿಗೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909-10ರ ಆಫ್ರಿಕಾ ಪ್ರವಾಸದಲ್ಲಿ ಇದನ್ನೇ ಮೆಚ್ಚಿ ಬಳಸಿದ ಕಾರಣ ಈ ತೋಟಾಕ್ಕೆ ಜಗತ್ತಿನಾದ್ಯಂತ ಹೆಸರು ಬಂದಿತು. ಹತ್ತಿರದ ಅಂತರದಲ್ಲಿ, ಪೊದೆಗಳ ನಡುವೆ, ಮಬ್ಬುಗತ್ತಲಲ್ಲಿ ಹುಲಿಯಂಥ ಪ್ರಾಣಿಯನ್ನು ಎದುರಿಸಲು ಭಾರವಾದ ಗುಂಡು ಬೇಕೆಂಬ ಅಂದಿನ ಬೇಟೆಗಾರರ ನಂಬಿಕೆಗೆ ಇದು ಸರಿಹೊಂದುತ್ತಿತ್ತು.

ಇಂಗ್ಲೆಂಡಿನಲ್ಲಿ ಕೈಯಿಂದ ಮಾಡಿದ ಜೋಡಿನಳಿಗೆಯ ಕೋವಿಗಳು ಇದಕ್ಕಿಂತ ಬಲಶಾಲಿಯಾಗಿದ್ದವು, ನಿಜ. ಆದರೆ ಅವು ರಾಜಮಹಾರಾಜರ ಮತ್ತು ಹಿರಿಯ ಅಧಿಕಾರಿಗಳ ಕೈಗೆಟುಕುವಂಥವು. ಕಾರ್ಖಾನೆಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರಾದ ವಿಂಚೆಸ್ಟರ್ ಸಂಬಳದಾರನ ದೊಡ್ಡಬೇಟೆಯ ಕೋವಿಯಾಗಿತ್ತು.

ಹೆಗಲಿಗೆ ಬೀಳುವ ಪೆಟ್ಟು

ಗುಂಡು ಮುಂದಕ್ಕೆ ಹಾರಿದಷ್ಟೇ ಬಲವಾಗಿ ಕೋವಿ ಹಿಂದಕ್ಕೆ ತಳ್ಳುತ್ತದೆ ಎಂಬುದು ಶಾಲೆಯಲ್ಲಿ ಕಲಿತ ನ್ಯೂಟನ್ನನ ಮೂರನೆಯ ನಿಯಮ. ಎಷ್ಟು ತಳ್ಳುತ್ತದೆ ಎಂಬುದು ಗುಂಡಿನ ತೂಕ, ವೇಗ, ಮದ್ದಿನ ಪ್ರಮಾಣ ಹಾಗೂ ಕೋವಿಯ ತೂಕವನ್ನು ಅವಲಂಬಿಸಿದೆ. ಸುಮಾರು ಮೂರೂಮುಕ್ಕಾಲು ಕಿಲೋ ತೂಗುವ ಈ ವಿಂಚೆಸ್ಟರ್‌ನ ಒದೆತವನ್ನು ಲೆಕ್ಕ ಹಾಕಿದರೆ 40 ಜೌಲ್‌ಗೂ ಮೀರುತ್ತದೆ. ಎರಡನೆಯ ಮಹಾಯುದ್ಧದ ಸೈನಿಕರು ಹೊತ್ತ .303 ಕೋವಿಯದು 20 ಜೌಲ್‌ಗಿಂತ ಕಡಿಮೆ. ಅಂದರೆ ಸೈನಿಕನ ಹೆಗಲು ತಿನ್ನುತ್ತಿದ್ದ ಪೆಟ್ಟಿನ ಎರಡು ಪಟ್ಟಿಗೂ ಹೆಚ್ಚು.

ಇದಕ್ಕೆ ವಿನ್ಯಾಸದ ತೊಡಕೂ ಸೇರಿತು. 1895ರ ಮಾದರಿಯ ಮರದ ಬಟ್ ನಳಿಗೆಯ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಬಾಗಿದೆ. ಹೀಗಾಗಿ ಗುಂಡು ಹಾರಿದಾಗ ಕೋವಿ ನೇರವಾಗಿ ಹಿಂದಕ್ಕೆ ಬರುವುದಿಲ್ಲ. ಮೂತಿ ಮೇಲೆದ್ದು, ಬಟ್ಟಿನ ಏಣು ಕೆನ್ನೆಯ ಮೂಳೆಗೆ ತಾಗುತ್ತದೆ. ತುದಿಯಲ್ಲಿ ರಬ್ಬರಿನ ಮೆತ್ತೆಯ ಬದಲು ಗಟ್ಟಿ ಲೋಹದ ಫಲಕ. ಗುರಿ ಮೈದಾನದಲ್ಲಿ ಮೇಜಿಗೆ ಒರಗಿ ಹತ್ತು ಗುಂಡು ಹಾರಿಸಿದವನಿಗೆ ಹೆಗಲು ನೀಲಿಗಟ್ಟುವುದು ಖಂಡಿತ.

ನೋವಿಗಿಂತ ದೊಡ್ಡ ತೊಂದರೆ ಮತ್ತೊಂದಿದೆ. ಪೆಟ್ಟು ಬೀಳುತ್ತದೆಂದು ಗೊತ್ತಿದ್ದಾಗ ದೇಹ ತಾನಾಗಿಯೇ ಮುದುಡುತ್ತದೆ. ಬಿಲ್ಲನ್ನು ಒತ್ತುವ ಕ್ಷಣಕ್ಕೆ ಮುನ್ನವೇ ಕಣ್ಣು ಮುಚ್ಚಿ, ಹೆಗಲು ಮುಂದೆ ಬಂದು, ಮೂತಿ ಕೆಳಗಿಳಿಯುತ್ತದೆ. ಗುಂಡು ಗುರಿ ತಪ್ಪುತ್ತದೆ. ಕಾಗದದ ಗುರಿಯಾದರೆ ಅಂಕ ಹೋಗುತ್ತದೆ ಅಷ್ಟೆ. ಹುಲಿಯಾದರೆ ಹೃದಯಕ್ಕೆ ಬೀಳಬೇಕಾದ ಗುಂಡು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಗಾಯಗೊಂಡು ತಪ್ಪಿಸಿಕೊಂಡ ಆ ಹುಲಿ ಜಿಂಕೆಯನ್ನು ಬೆನ್ನಟ್ಟಲಾರದೆ ಮುಂದೆ ಮನುಷ್ಯನ ಮೇಲೆ ಎರಗಬಹುದು.

ಆಂಡರ್ಸನ್ ಅವರ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಇದೇ. ನರಭಕ್ಷಕವನ್ನು ಕೊಂದ ಮೇಲೆ ಅದರ ದೇಹವನ್ನು ಪರೀಕ್ಷಿಸಿ, ಅದು ಮನುಷ್ಯನ ಬೇಟೆಗೆ ಇಳಿದ ಕಾರಣ ಹುಡುಕುವುದು ಅವರ ರೂಢಿ. ಹಳೆಯ ಗುಂಡಿನ ಗಾಯ, ನಾಡಬಂದೂಕಿನ ಚರೆ, ಮುರಿದ ಹಲ್ಲು ಇವು ಪದೇ ಪದೇ ಕಾಣಿಸಿಕೊಂಡವು. ನಲವತ್ತೆರಡು ಜನರನ್ನು ಬಲಿ ತೆಗೆದುಕೊಂಡ ಗುಮ್ಮಳಾಪುರದ ಚಿರತೆಯ ಮುಂಗಾಲಿನಲ್ಲಿ ಮುರಿದ ಮುಳ್ಳುಹಂದಿ ಮುಳ್ಳುಗಳು ಸಿಕ್ಕವು. ಒಂದು ಜೊತೆ ಮುಳ್ಳು ಒಂದು ಸೀಮೆಯ ನಿದ್ದೆಗೆಡಿಸಿತ್ತು. ಮನುಷ್ಯನ ಕೆಟ್ಟ ಗುರಿಯೂ ಅದೇ ಕೆಲಸ ಮಾಡಬಲ್ಲದೆಂದು ಅವರು ಓದುಗರಿಗೆ ಮನವರಿಕೆ ಮಾಡಿಕೊಟ್ಟರು.

ಕೋವಿ ದೊಡ್ಡದಾದಷ್ಟೂ ಒಳ್ಳೆಯದೆಂಬ ಮಾತು ಪೂರ್ಣ ಸತ್ಯವೇನಲ್ಲ. ಕುಮಾವೂಂ ಬೆಟ್ಟಗಳ ಜಿಮ್ ಕಾರ್ಬೆಟ್ ಅವರಿಗೆ ಚಂಪಾವತದ ಹೆಣ್ಣು ಹುಲಿಯನ್ನು ಕೊಂದುದಕ್ಕಾಗಿ 1907ರಲ್ಲಿ ಬಹುಮಾನವಾಗಿ ದೊರೆತ .275 ರಿಗ್ಬಿ ಕೋವಿ ಹಗುರವಾದದ್ದು, ಒದೆತವೂ ಅಲ್ಪ. ಆದರೂ ಅದು ಅವರ ಅಚ್ಚುಮೆಚ್ಚಿನ ಆಯುಧವಾಗಿತ್ತು. ಗುಂಡಿನ ಗಾತ್ರಕ್ಕಿಂತ ಅದು ಬೀಳುವ ಜಾಗ ಮುಖ್ಯ; ಒದೆತಕ್ಕೆ ಹೆದರದೆ ಹಾರಿಸಬಲ್ಲ ಕೋವಿಯೇ ಅವರವರಿಗೆ ತಕ್ಕ ಕೋವಿ.

ತೋಟಾದ ಲೆಕ್ಕ

ಎರಡನೆಯ ತೊಡಕು ತೋಟಾ. .405 ಭಾರತದಲ್ಲಿ ತಯಾರಾಗುತ್ತಿರಲಿಲ್ಲ. ಹಡಗಿನಲ್ಲಿ ಬಂದು, ಸುಂಕ ತೆತ್ತು, ಬೆಂಗಳೂರಿನ ಅಂಗಡಿ ಸೇರಬೇಕಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹಡಗು ಸಂಚಾರ ಅಸ್ತವ್ಯಸ್ತವಾಯಿತು. ಸ್ವಾತಂತ್ರ್ಯಾನಂತರ ವಿದೇಶಿ ವಿನಿಮಯದ ಅಭಾವದಿಂದ ಆಮದಿನ ಮೇಲೆ ನಿಯಂತ್ರಣ ಬಂದಿತು. ಇದರ ನಡುವೆ ಅಮೆರಿಕದಲ್ಲಿಯೇ ಈ ಕೋವಿಗೆ ಬೇಡಿಕೆ ಕುಸಿದು, 1950ರ ದಶಕದಲ್ಲಿ ವಿಂಚೆಸ್ಟರ್ .405 ತೋಟಾದ ತಯಾರಿಕೆಯನ್ನು ನಿಲ್ಲಿಸಿತು. ಆಂಡರ್ಸನ್ ಅವರ ಮೊದಲ ಪುಸ್ತಕ ಪ್ರಕಟವಾದದ್ದು 1954ರಲ್ಲಿ. ಅವರು ಲೇಖಕರಾಗಿ ಪ್ರಸಿದ್ಧರಾಗುತ್ತಿದ್ದ ಕಾಲಕ್ಕೆ ಅವರ ಕೋವಿಯ ಆಹಾರ ಜಗತ್ತಿನಿಂದಲೇ ಕಾಣೆಯಾಗತೊಡಗಿತ್ತು.

ಪರವಾನಗಿಯ ಮಿತಿ ಬೇರೆ. 1878ರ ಶಸ್ತ್ರಾಸ್ತ್ರ ಕಾಯ್ದೆಯ ಜಾಗಕ್ಕೆ 1959ರ ಕಾಯ್ದೆ ಬಂದಿತು. ಎಷ್ಟು ತೋಟಾ ಕೊಳ್ಳಬಹುದು, ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಪರವಾನಗಿ ಪುಸ್ತಕದಲ್ಲಿ ನಮೂದಾಗಿರಬೇಕು. ಇಂಥ ಸ್ಥಿತಿಯಲ್ಲಿ ಆಮದು ತೋಟಾದ ಬೇಟೆಗಾರ ಅಭ್ಯಾಸಕ್ಕೆಂದು ಗುಂಡು ಪೋಲು ಮಾಡಲಾರ. ಹಳೆಯ ತೋಟಾಕ್ಕೆ ಮಳೆಗಾಲದ ತೇವದ ಭಯವೂ ಇದೆ. ಮಚಾನಿನ ಮೇಲೆ ರಾತ್ರಿಯಿಡೀ ಇಬ್ಬನಿಯಲ್ಲಿ ನೆನೆದ ತೋಟಾ ಸರಿಯಾದ ಹೊತ್ತಿಗೆ ಸಿಡಿಯದಿದ್ದರೆ ಬೇಟೆಗಾರನ ಪ್ರಾಣಕ್ಕೇ ಸಂಚಕಾರ.

ಸರ್ಕಾರಿ ದಾಖಲೆಗಳ ಪ್ರಕಾರ 1939ರಿಂದ 1966ರವರೆಗೆ ಆಂಡರ್ಸನ್ ಕೊಂದ ನರಭಕ್ಷಕಗಳ ಸಂಖ್ಯೆ ಎಂಟು ಚಿರತೆ ಮತ್ತು ಏಳು ಹುಲಿ. ಇಪ್ಪತ್ತೇಳು ವರ್ಷಗಳಲ್ಲಿ ಹದಿನೈದು. ಇದಲ್ಲದೆ ಪುಂಡಾನೆಗಳನ್ನೂ ಹೊಡೆದದ್ದುಂಟು. ಹನ್ನೆರಡು ಜನರನ್ನು ಕೊಂದು, ಹಲವರ ಮುಖ ವಿರೂಪಗೊಳಿಸಿದ ಅರಸೀಕೆರೆ ಸೀಮೆಯ ಕರಡಿಯ ಕಥೆ ಕನ್ನಡ ಓದುಗರಿಗೆ ಚಿರಪರಿಚಿತ. ಈ ಹದಿನೈದರ ಹಿಂದೆ ಎಷ್ಟೋ ಬರಿಗೈಯ ರಾತ್ರಿಗಳಿದ್ದವು. ಕಟ್ಟಿದ ಕೋಣವನ್ನು ಹುಲಿ ಮುಟ್ಟದ ರಾತ್ರಿಗಳು, ಸುದ್ದಿ ತಲುಪುವಷ್ಟರಲ್ಲಿ ಮೂವತ್ತು ಮೈಲಿ ಆಚೆ ಮತ್ತೊಬ್ಬ ಬಲಿಯಾದ ಮುಂಜಾವುಗಳು, ರಜೆ ಮುಗಿದು ಕಾರ್ಖಾನೆಗೆ ಮರಳಬೇಕಾದ ಸೋಮವಾರಗಳು. ಇವುಗಳನ್ನೂ ಅವರು ಬಿಡದೆ ಬರೆದರು. ಬೇಟೆ ಎಂದರೆ ಗುಂಡು ಹಾರಿಸುವುದಲ್ಲ, ಕಾಯುವುದು ಎಂಬ ಅರಿವು ಓದುಗರಿಗೆ ಮೂಡುವುದು ಇಲ್ಲಿಯೇ.

ಕೋವಿ ಕೆಳಗಿಟ್ಟ ಮೇಲೆ

ವಯಸ್ಸು ಮಾಗಿದಂತೆ ಆಂಡರ್ಸನ್ ಅವರ ಒಲವು ಕೋವಿಯಿಂದ ಕ್ಯಾಮೆರಾದ ಕಡೆಗೆ ಹೊರಳಿತು. ತಾವು ತರುಣರಾಗಿದ್ದಾಗ ಕಂಡ ಕಾಡು ಕಣ್ಣೆದುರಿಗೇ ಕರಗುತ್ತಿರುವುದನ್ನು ಅವರು ಕಂಡಿದ್ದರು. ರಸ್ತೆ, ಜೀಪು, ರಾತ್ರಿಯ ದೀಪದ ಬೇಟೆ, ವಿಷಪ್ರಾಶನ ಇವುಗಳಿಂದ ವನ್ಯಜೀವಿಗಳು ನಾಶವಾಗುತ್ತಿರುವ ಬಗ್ಗೆ ಕಳವಳದಿಂದ ಬರೆದರು. ನರಭಕ್ಷಕವಲ್ಲದ ಹುಲಿ ಮನುಷ್ಯನ ಶತ್ರುವಲ್ಲ ಎಂಬುದು ಅವರ ನಿಲುವಾಗಿತ್ತು. ಇದರಲ್ಲಿ ವಿರೋಧಾಭಾಸವಿಲ್ಲವೇ ಎಂದು ಕೇಳುವವರಿದ್ದಾರೆ. ಹುಲಿಯನ್ನು ಕೊಂದು ಪ್ರಸಿದ್ಧಿ ಪಡೆದವರು ಹುಲಿಯ ಪರ ವಾದಿಸುವುದು ಹೇಗೆ? ಪ್ರಶ್ನೆ ಸಾಧುವಾದದ್ದು. ಆದರೆ ಆ ಕಾಲದ ಬೇಟೆಗಾರರಲ್ಲಿ ಹಲವರು ಇಂಥ ವಿವೇಚನೆಯನ್ನೇ ಮಾಡಲಿಲ್ಲ ಎಂಬುದನ್ನೂ ಮರೆಯಬಾರದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. ವಿನೋದದ ಬೇಟೆಯ ಯುಗ ಅಲ್ಲಿಗೆ ಕೊನೆಗೊಂಡಿತು. ಎರಡು ವರ್ಷಗಳ ನಂತರ, 1974ರ ಆಗಸ್ಟ್ 30ರಂದು, ಅರವತ್ನಾಲ್ಕನೆಯ ವಯಸ್ಸಿನಲ್ಲಿ ಆಂಡರ್ಸನ್ ಕ್ಯಾನ್ಸರ್‌ನಿಂದ ನಿಧನರಾದರು. 'ಜಂಗಲ್ಸ್ ಲಾಂಗ್ ಅಗೋ' ಎಂಬ ಪುಸ್ತಕ ಅವರ ಮರಣಾನಂತರ, 1976ರಲ್ಲಿ ಹೊರಬಂದಿತು. ತಂದೆಯಂತೆಯೇ ಬೇಟೆಗಾರರಾಗಿದ್ದ ಮಗ ಡೊನಾಲ್ಡ್ 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇಂದಿನ ಗುರಿಕಾರರಿಗೆ

ಇಂದು ಭಾರತದಲ್ಲಿ ಕಾಡುಪ್ರಾಣಿಯನ್ನು ಹವ್ಯಾಸಕ್ಕಾಗಿ ಹೊಡೆಯುವುದು ಅಪರಾಧ. ಮನುಷ್ಯರ ಜೀವಕ್ಕೆ ಅಪಾಯ ಒಡ್ಡಿದ ಹುಲಿ ಅಥವಾ ಚಿರತೆಯ ವಿಷಯದಲ್ಲಿಯೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶವಿಲ್ಲದೆ ಯಾರೂ ಕೋವಿ ಎತ್ತುವಂತಿಲ್ಲ. ಹಿಡಿಯಲು ಅಥವಾ ಅರಿವಳಿಕೆ ನೀಡಲು ಸಾಧ್ಯವಿಲ್ಲ ಎಂದು ಮೊದಲು ಮನವರಿಕೆಯಾಗಬೇಕು. 2022ರ ಆಗಸ್ಟ್‌ನಲ್ಲಿ ಬೆಳಗಾವಿ ನಗರದ ಗಾಲ್ಫ್ ಮೈದಾನದ ಸುತ್ತ ಚಿರತೆಯೊಂದು ವಾರಗಟ್ಟಲೆ ಕಣ್ಣುಮುಚ್ಚಾಲೆಯಾಡಿದಾಗ, ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಆಗ ಬಂದದ್ದು ವಿಂಚೆಸ್ಟರ್ ಹೊತ್ತ ಬೇಟೆಗಾರನಲ್ಲ. ಬೋನು, ಬಲೆ, ಅರಿವಳಿಕೆ ಕೋವಿ ಹಾಗೂ ಶಿವಮೊಗ್ಗದ ಸಕ್ರೆಬೈಲಿನ ಆನೆಗಳು. ಕಬ್ಬಿನ ಗದ್ದೆಗಳೇ ಕಾಡಿನಂತೆ ಹಬ್ಬಿರುವ ಕೃಷ್ಣಾ ತೀರದ ನಮ್ಮ ತಾಲ್ಲೂಕುಗಳಲ್ಲಿಯೂ ಇದೇ ಕ್ರಮ ಅನ್ವಯಿಸುತ್ತದೆ.

ಗುರಿ ಹಿಡಿಯುವ ಆಸೆ ಇದ್ದವರಿಗೆ ಈಗ ಉಳಿದಿರುವುದು ಕ್ರೀಡಾ ಮೈದಾನ. ಅಲ್ಲಿಯೂ ಆಂಡರ್ಸನ್ ಎದುರಿಸಿದ ಎರಡು ಪ್ರಶ್ನೆಗಳೇ ಎದುರಾಗುತ್ತವೆ: ತೋಟಾದ ಖರ್ಚು ಮತ್ತು ಒದೆತ. ಹೊಸಬರು ಗಾಳಿಕೋವಿಯಿಂದ ಆರಂಭಿಸುವುದು ಎರಡಕ್ಕೂ ಪರಿಹಾರ. ಅದರಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಗುಂಡಿನ ಬೆಲೆಯೂ ಅಲ್ಪ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ವ್ಯಾಸದ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಗಾಳಿಕೋವಿಗೆ ಪರವಾನಗಿಯೂ ಬೇಕಿಲ್ಲ. ಅನಂತರದ ಮೆಟ್ಟಿಲು .22. ಭಾರತದ ಆಯುಧ ಕಾರ್ಖಾನೆಗಳಲ್ಲಿ ತಯಾರಾಗುವ .315 ಕೋವಿಯಾಗಲಿ, ಹನ್ನೆರಡು ಬೋರಿನ ಬಂದೂಕಾಗಲಿ ಅದರ ನಂತರದ ಮಾತು.

ಒದೆತವನ್ನು ಸಂಭಾಳಿಸುವ ವಿಧಾನಗಳು ಕಷ್ಟದವಲ್ಲ. ಬಟ್ಟನ್ನು ಹೆಗಲ ಕುಳಿಗೆ ಬಿಗಿಯಾಗಿ ಒತ್ತಿಕೊಳ್ಳಬೇಕು. ಸಡಿಲವಾಗಿ ಹಿಡಿದರೆ ಕೋವಿ ವೇಗ ಪಡೆದು ಬಡಿಯುತ್ತದೆ. ಕೆನ್ನೆ ಬಟ್ಟಿಗೆ ಅಂಟಿರಬೇಕು. ನಿಂತಾಗ ದೇಹ ತುಸು ಮುಂದಕ್ಕೆ ವಾಲಿರಬೇಕು. ರಬ್ಬರ್ ಮೆತ್ತೆ ಹಾಕಿಸಿಕೊಳ್ಳಬೇಕು. ಭಾರವಾದ ಕೋವಿ ಹೊರಲು ತ್ರಾಸ, ಆದರೆ ಒದೆಯುವುದು ಕಡಿಮೆ. ಕಿವಿಗೆ ರಕ್ಷಣೆ ಕಡ್ಡಾಯ. ಬೆಚ್ಚಿಬೀಳುವ ಅಭ್ಯಾಸಕ್ಕೆ ಒದೆತದಷ್ಟೇ ಶಬ್ದವೂ ಕಾರಣ. ಖಾಲಿ ಕೋವಿಯಲ್ಲಿ, ಅದು ಖಾಲಿಯಿದೆಯೆಂದು ಎರಡೆರಡು ಬಾರಿ ಖಚಿತಪಡಿಸಿಕೊಂಡು, ಬಿಲ್ಲನ್ನು ಮೆಲ್ಲಗೆ ಒತ್ತುವ ಅಭ್ಯಾಸ ಮಾಡಿದರೆ ತೋಟಾದ ಖರ್ಚಿಲ್ಲದೆ ಕೈ ಪಳಗುತ್ತದೆ. ಭಾರಿ ತೋಟಾವನ್ನು ಒಂದೇ ದಿನ ಹತ್ತಾರು ಹಾರಿಸುವುದರಿಂದ ಕಲಿಕೆಗಿಂತ ಭಯವೇ ಹೆಚ್ಚು.

ಆಂಡರ್ಸನ್ ಅವರ .405 ತೋಟಾ 2000ದ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮತ್ತೆ ತಯಾರಾಗತೊಡಗಿತು. ಹಳೆಯ ಮಾದರಿಯ ಕೋವಿಯೂ ಹೊಸದಾಗಿ ಮಾರುಕಟ್ಟೆಗೆ ಬಂದಿತು. ಆದರೆ ಅವರ ಕಾಲದ ಕಾಡು ಹಾಗೆ ಮರಳಿ ತಯಾರಾಗುವಂಥದ್ದಲ್ಲ. ಅವರು ಚಿರತೆಗಾಗಿ ಕಾದು ಕುಳಿತ ಮಾಗಡಿಯ ಸುತ್ತಲಿನ ಕುರುಚಲು ಕಾಡು ಇಂದು ಬೆಂಗಳೂರಿನ ಹೊರವಲಯಕ್ಕೆ ತಾಗಿದೆ. ಆ ಕಾಡು ಹೇಗಿತ್ತು, ಅದರಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳಬೇಕಿತ್ತು ಎಂದು ತಿಳಿಯಬಯಸುವವರಿಗೆ ಅವರ ಪುಸ್ತಕಗಳು ಮತ್ತು ತೇಜಸ್ವಿಯವರ ಕನ್ನಡ ರೂಪಾಂತರಗಳು ಇಂದಿಗೂ ದೊರೆಯುತ್ತವೆ.